ಬಾಟಲಿ ಹಳೆಯದಿರಲಿ, ಎಣ್ಣೆ ಹೊಸದಿರಲಿ

ಸ್ನಾನದ ಕೋಣೆಯ ಗೂಡಿನಲ್ಲಿ ಏನೇನಿದೆ ಎಂದು ಇವತ್ತೊಮ್ಮೆ ಎಣಿಸಿ ನೋಡಿ. ತಲೆಗೆ ಹಚ್ಚುವ ಎಣ್ಣೆಯ ಬಾಟಲಿ, ಶಾಂಪೂ ಸ್ಯಾಶೆಗಳ ಮಾಲೆ, ಮಗುವಿನ ಲೋಷನ್, ಮುಖದ ಕ್ರೀಮಿನ ಡಬ್ಬಿ, ಗುಲಾಬಿ ನೀರು. ಹೆಚ್ಚಿನವು ಒಂದೆರಡು ತಿಂಗಳಲ್ಲಿ ಖಾಲಿಯಾಗುತ್ತವೆ. ಒಳಗಿದ್ದದ್ದು ಮುಗಿಯುತ್ತದೆ, ಹೊರಗಿನ ಪ್ಲಾಸ್ಟಿಕ್ ಮುಗಿಯುವುದಿಲ್ಲ.

ಒಂದು ಸಣ್ಣ ಲೆಕ್ಕ ಮಾಡಿ. ಐದು ಮಂದಿಯ ಮನೆಯಲ್ಲಿ ಒಬ್ಬೊಬ್ಬರು ವಾರಕ್ಕೆ ಎರಡು ಸ್ಯಾಶೆ ಬಳಸಿದರೆ ವರ್ಷಕ್ಕೆ 520 ಆಯಿತು. ಸ್ಯಾಶೆಯನ್ನು ಹಲವು ಪದರಗಳನ್ನು ಅಂಟಿಸಿ ಮಾಡಿರುತ್ತಾರೆ. ಅವನ್ನು ಬೇರ್ಪಡಿಸುವುದು ಕಷ್ಟ, ಆದ್ದರಿಂದ ಗುಜರಿಯವರಿಗೂ ಅದು ಬೇಡ. ಕೊನೆಗೆ ಅದು ಚರಂಡಿ ಸೇರಿ ನೀರು ಕಟ್ಟಿಸುತ್ತದೆ, ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟುತ್ತದೆ. ಇಲ್ಲವೇ ಬಚ್ಚಲ ಒಲೆಗೆ ಬೀಳುತ್ತದೆ. ಆ ವಿಷದ ಹೊಗೆ ಮೊದಲು ಹೋಗುವುದು ಒಲೆ ಉರಿಸುವವರ ಮತ್ತು ಹತ್ತಿರ ಆಡುವ ಮಕ್ಕಳ ಶ್ವಾಸಕೋಶಕ್ಕೆ.

ಇದಕ್ಕೊಂದು ಸರಳ ದಾರಿ ಇದೆ. ಖಾಲಿ ಬಾಟಲಿಯನ್ನು ಎಸೆಯದೆ ಮತ್ತೆ ತುಂಬಿಸಿಕೊಳ್ಳುವುದು, ಅಂದರೆ ರೀಫಿಲ್. ಇದೇನೂ ಹೊಸದಲ್ಲ. ಗಾಣಕ್ಕೆ ಮನೆಯಿಂದಲೇ ಪಾತ್ರೆ ಒಯ್ದು ಎಣ್ಣೆ ತರುತ್ತಿದ್ದ ಹಿರಿಯರನ್ನು ನೀವು ನೋಡಿರಬಹುದು. ಅತ್ತರಿನ ಅಂಗಡಿಯಲ್ಲಿ ದೊಡ್ಡ ಬಾಟಲಿಯಿಂದ ಪುಟ್ಟ ಶೀಶೆಗೆ ತುಂಬಿ ಕೊಡುವ ಪದ್ಧತಿ ಇಂದಿಗೂ ಇದೆ. 1976ರಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಅನಿತಾ ರೋಡಿಕ್ ಎಂಬ ಮಹಿಳೆ 'ದಿ ಬಾಡಿ ಶಾಪ್' ಎಂಬ ಚಿಕ್ಕ ಅಂಗಡಿ ತೆರೆದಾಗ ಸಾಕಷ್ಟು ಬಾಟಲಿ ಕೊಳ್ಳಲು ಅವರ ಬಳಿ ಹಣವಿರಲಿಲ್ಲ. ಹಳೆಯ ಬಾಟಲಿ ತಂದರೆ ತುಂಬಿ ಕೊಡುವೆ ಎಂದರು. ಬಡತನ ಕಲಿಸಿದ ಆ ಉಪಾಯವೇ ಮುಂದೆ ಅಂಗಡಿಯ ಹೆಗ್ಗುರುತಾಯಿತು.

ಆದರೆ ಚರ್ಮಕ್ಕೆ ಹಚ್ಚುವ ವಸ್ತು ಅಕ್ಕಿ, ಬೇಳೆಯಂತಲ್ಲ. ತಪ್ಪಾಗಿ ತುಂಬಿದರೆ ಕಸ ಕಡಿಮೆಯಾದರೂ ರೋಗ ಮನೆಗೆ ಬರುತ್ತದೆ. ಹಾಗಾಗಿ ರೀಫಿಲ್ ಸೇವೆ ಆರಂಭಿಸುವವರೂ ಅದನ್ನು ಬಳಸುವವರೂ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ.

ಇದರಲ್ಲಿ ನೀರಿದೆಯೇ?

ಯುನಾನಿ ವೈದ್ಯದಲ್ಲಿ 'ಉಫೂನತ್' ಎಂಬ ಮಾತಿದೆ, ಕೊಳೆಯುವಿಕೆ ಎಂದರ್ಥ. ತೇವ (ರುತೂಬತ್) ಮತ್ತು ಬಿಸಿ (ಹರಾರತ್) ಕೂಡಿದಲ್ಲಿ ಕೊಳೆತ ಶುರುವಾಗುತ್ತದೆ ಎಂದು ನಮ್ಮ ಹಕೀಮರು ತಿಳಿದಿದ್ದರು. ರೋಗಾಣುಗಳಿಗೆ ಬೆಳೆಯಲು ನೀರು ಬೇಕು ಎಂದು ಇಂದಿನ ವಿಜ್ಞಾನವೂ ಹೇಳುತ್ತದೆ. ಈ ಅಳತೆಗೋಲಿನಿಂದ ನಿಮ್ಮ ಗೂಡಿನ ವಸ್ತುಗಳನ್ನು ಮೂರು ಪಾಲು ಮಾಡಬಹುದು.

ಮೊದಲನೆಯದು ಒಣ ವಸ್ತುಗಳು: ಮುಲ್ತಾನಿ ಮಿಟ್ಟಿ, ಉಬಟನ್ ಪುಡಿ, ಸೀಗೆಪುಡಿ, ಮೆಹಂದಿ ಪುಡಿ. ಸಾಬೂನಿನ ಬಿಲ್ಲೆಯೂ ಈ ಗುಂಪಿನದೇ. ಇವುಗಳಿಗೆ ರೀಫಿಲ್ ಅತ್ಯಂತ ಸುಲಭ. ಒಣಗಿದ ಡಬ್ಬಿ, ಒಣಗಿದ ಚಮಚ ಇದ್ದರೆ ಸಾಕು.

ಎರಡನೆಯದು ಎಣ್ಣೆಗಳು: ತೆಂಗಿನೆಣ್ಣೆ, ಎಳ್ಳೆಣ್ಣೆ, ರೋಗನ್ ಬಾದಾಮ್. ಶುದ್ಧ ಎಣ್ಣೆಯಲ್ಲಿ ನೀರಿಲ್ಲ, ಆದ್ದರಿಂದ ಇವೂ ರೀಫಿಲ್‌ಗೆ ಯೋಗ್ಯ. ಇಲ್ಲಿ ಶತ್ರು ಬೇರೆ: ಗಾಳಿ, ಬೆಳಕು ಮತ್ತು ತಳದಲ್ಲಿ ಉಳಿದ ಹಳೆಯ ಎಣ್ಣೆ. ಕಮಟು ಹಿಡಿದ ಎಣ್ಣೆಯ ಮೇಲೆ ಹೊಸದನ್ನು ಸುರಿದರೆ ಹೊಸದೂ ಬೇಗ ಕೆಡುತ್ತದೆ.

ಮೂರನೆಯದು ನೀರು ಬೆರೆತವು: ಲೋಷನ್, ಕ್ರೀಮ್, ಅರ್ಕ್ ಗುಲಾಬ್, ಶಾಂಪೂ, ದ್ರವ ಸಾಬೂನು. ಇವು ಕೆಡದಂತೆ ಕಾರ್ಖಾನೆಯಲ್ಲಿ ಸಂರಕ್ಷಕ ಬೆರೆಸಿರುತ್ತಾರೆ. ಆದರೆ ತೇವದ ಬಾಟಲಿಗೆ, ತೆರೆದ ಡಬ್ಬದಿಂದ, ಮತ್ತೆ ಮತ್ತೆ ತುಂಬಿದರೆ ಆ ರಕ್ಷಣೆ ಸಾಲದೆ ಹೋಗಬಹುದು. ಅರ್ಧ ಖಾಲಿಯಾದ ಸಾಬೂನಿನ ಡಬ್ಬಕ್ಕೆ ಮೇಲಿನಿಂದ ಹೊಸ ಸಾಬೂನು ಸುರಿಯಬಾರದು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2002ರಲ್ಲೇ ಆಸ್ಪತ್ರೆಗಳಿಗೆ ಸೂಚಿಸಿತ್ತು. ಸಾಬೂನಿನ ಕಥೆಯೇ ಹೀಗಾದರೆ ಮಗುವಿನ ಲೋಷನ್ನಿನದು ಹೇಗಿದ್ದೀತು, ಯೋಚಿಸಿ.

ಬಾಟಲಿಯ ಶಿಸ್ತು

ರೀಫಿಲ್‌ಗೆ ಅಗಲ ಬಾಯಿಯ ಗಾಜಿನ ಬಾಟಲಿ ಉತ್ತಮ. ಬ್ರಷ್ ಒಳಗೆ ಹೋಗುತ್ತದೆ, ಬಿಸಿನೀರನ್ನೂ ತಾಳುತ್ತದೆ. ಪಂಪ್ ಇರುವ ಬಾಟಲಿಯ ಕೊಳವೆಯನ್ನು ಪೂರ್ತಿ ಶುಚಿ ಮಾಡುವುದು ಕಷ್ಟ. ಕುಡಿಯುವ ನೀರಿನ ತೆಳು ಪ್ಲಾಸ್ಟಿಕ್ ಬಾಟಲಿ ಬೇಡ. ಫಿನಾಯಿಲ್, ಕೀಟನಾಶಕ ತುಂಬಿದ್ದ ಬಾಟಲಿಯನ್ನಂತೂ ಎಷ್ಟು ತೊಳೆದರೂ ಮುಟ್ಟಬೇಡಿ.

ಬಾಟಲಿಯನ್ನು ಪೂರ್ತಿ ಖಾಲಿ ಮಾಡಿ. ಸಾಬೂನು ಹಾಕಿ ಬಿಸಿನೀರಿನಲ್ಲಿ ತೊಳೆಯಿರಿ, ಮುಚ್ಚಳವನ್ನೂ ಮರೆಯಬೇಡಿ. ಬೋರಲು ಹಾಕಿ ನೀರು ಬಸಿಯಲು ಬಿಡಿ, ಒಂದಿಡೀ ದಿನ ಒಣಗಲಿ. ಒಳಗೆ ಒಂದು ಹನಿ ಕಂಡರೂ ಎಣ್ಣೆ ತುಂಬಬೇಡಿ. ಒಂದೆರಡು ತಿಂಗಳಿಗೆ ಸಾಕಾಗುವಷ್ಟನ್ನೇ ತನ್ನಿ. ತಂದ ದಿನವೇ ಒಂದು ಚೀಟಿ ಅಂಟಿಸಿ, ಏನು, ಎಂದು ತುಂಬಿಸಿದ್ದು ಎಂದು ಬರೆಯಿರಿ. ಹೆಸರಿಲ್ಲದ ಬಾಟಲಿ ಮಕ್ಕಳಿರುವ ಮನೆಗೆ ಅಪಾಯ.

ಅಂಗಡಿ ಹೇಗಿರಬೇಕು?

ನಿಮ್ಮ ಮೊಹಲ್ಲಾದ ಅಂಗಡಿಯವರೋ ಮಹಿಳೆಯರ ಸ್ವಸಹಾಯ ಗುಂಪೋ ಈ ಸೇವೆ ಆರಂಭಿಸಬಹುದು. ಗಿರಾಕಿ ತಂದ ಬಾಟಲಿಗೇ ತುಂಬುವುದು ಒಂದು ವಿಧಾನ. ಒಣ ವಸ್ತುಗಳಿಗೆ ಇದು ಸರಿ. ಆದರೆ ಎಲ್ಲರೂ ಒಂದೇ ರೀತಿ ತೊಳೆಯುವುದಿಲ್ಲ. ಆದ್ದರಿಂದ ಎಣ್ಣೆಗೆ ಗ್ಯಾಸ್ ಸಿಲಿಂಡರಿನ ಅಥವಾ ಗೋಲಿ ಸೋಡಾದ ಪದ್ಧತಿಯೇ ಲೇಸು. ಸ್ವಲ್ಪ ಡಿಪಾಸಿಟ್ ಇಟ್ಟುಕೊಂಡು ತುಂಬಿದ ಬಾಟಲಿ ಕೊಡುವುದು, ಖಾಲಿಯಾದದ್ದನ್ನು ಮರಳಿ ಪಡೆದು ಒಂದೇ ಕಡೆ ತೊಳೆದು ಒಣಗಿಸುವುದು. ಶುಚಿತ್ವದ ಹೊಣೆ ಒಬ್ಬರದಾಗುತ್ತದೆ. ಎಲ್ಲ ಬಾಟಲಿಗಳೂ ಒಂದೇ ಅಳತೆಯವಾದರೆ ಕೆಲಸ ಇನ್ನೂ ಹಗುರ.

ದೊಡ್ಡ ಡಬ್ಬಕ್ಕೆ ನಲ್ಲಿ ಇರಲಿ, ಸೌಟು ಅದ್ದುವುದು ಬೇಡ. ಡಬ್ಬ ಪೂರ್ತಿ ಖಾಲಿಯಾಗಿ, ತೊಳೆದು, ಒಣಗಿದ ಮೇಲಷ್ಟೇ ಮುಂದಿನದನ್ನು ತುಂಬಬೇಕು. ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನ ಗಿರಾಕಿಯ ಚೀಟಿಗೂ ಬರಬೇಕು. ಯಾರಿಗಾದರೂ ತುರಿಕೆ ಬಂದರೆ ಮೂಲ ಹುಡುಕಲು ಅದೊಂದೇ ದಾರಿ. ಸೌಂದರ್ಯವರ್ಧಕ ತಯಾರಿಸಿ ಮಾರಲು ಲೈಸೆನ್ಸ್ ಕಡ್ಡಾಯ. ಆದ್ದರಿಂದ ಆರಂಭಕ್ಕೆ ಮೊದಲೇ ಔಷಧ ನಿಯಂತ್ರಣ ಇಲಾಖೆಯಲ್ಲಿ ನಿಯಮ ವಿಚಾರಿಸಿಕೊಳ್ಳಿ. ತೂಕದ ಯಂತ್ರಕ್ಕೆ ಸರಕಾರಿ ಮುದ್ರೆ ಇರಲಿ.

ಬೆಲೆಯೂ ಮುಖ್ಯ. ಜನ ಸ್ಯಾಶೆ ಕೊಳ್ಳುವುದು ಕಸ ಮಾಡುವ ಆಸೆಯಿಂದಲ್ಲ, ಕೈಯಲ್ಲಿ ಎರಡೇ ರೂಪಾಯಿ ಇದ್ದಾಗಲೂ ಸಿಗುತ್ತದೆ ಎಂದು. ಆದ್ದರಿಂದ ಐವತ್ತು ಗ್ರಾಂ ಕೇಳಿದವರಿಗೂ ಕಿಲೋ ಕೊಳ್ಳುವವರ ದರದಲ್ಲೇ ಕೊಡುವ ಅಂಗಡಿ ಗೆಲ್ಲುತ್ತದೆ. ದಿನಗೂಲಿಯ ಮನೆಗೆ ಎಟುಕದ ರೀಫಿಲ್ ನಾಲ್ಕು ಮಂದಿಯ ಶೋಕಿಯಾಗಿ ಉಳಿಯುತ್ತದೆ.

ಯಾರಿಗೆ ರೀಫಿಲ್ ಬೇಡ?

ನವಜಾತ ಶಿಶುಗಳಿಗೆ, ಇಸುಬು ಅಥವಾ ತೆರೆದ ಗಾಯ ಇರುವವರಿಗೆ, ಕಾಲಿನ ಚರ್ಮ ಬಿರಿದಿರುವ ಸಕ್ಕರೆ ಕಾಯಿಲೆಯವರಿಗೆ ಸೀಲ್ ಮಾಡಿದ ವಸ್ತುವೇ ಇರಲಿ. ವೈದ್ಯರು ಕೊಟ್ಟ ಮುಲಾಮನ್ನು ಬೇರೆ ಡಬ್ಬಿಗೆ ಸುರಿಯಬೇಡಿ. ಕಣ್ಣಿಗೆ ಹಚ್ಚುವ ಸುರ್ಮಾ, ಕಾಡಿಗೆಗಳಿಗಂತೂ ರೀಫಿಲ್ ಬೇಡವೇ ಬೇಡ. ಅಂಗಡಿ ಬದಲಿಸಿದಾಗ ಹೊಸ ಎಣ್ಣೆಯನ್ನು ಮೊಣಕೈಯ ಒಳಮಡಿಕೆಗೆ ಸ್ವಲ್ಪ ಹಚ್ಚಿ ಒಂದು ದಿನ ಕಾಯಿರಿ. ಕೆಂಪಾದರೆ, ತುರಿಸಿದರೆ ಬಳಸಬೇಡಿ.

ಎಲ್ಲವನ್ನೂ ಒಂದೇ ದಿನ ಬದಲಿಸಬೇಕಾಗಿಲ್ಲ. ಈ ತಿಂಗಳು ತೆಂಗಿನೆಣ್ಣೆಯೊಂದನ್ನು ಆರಿಸಿಕೊಳ್ಳಿ. ಎರಡು ಗಾಜಿನ ಬಾಟಲಿ ಇಟ್ಟುಕೊಂಡರೆ ಒಂದು ಬಳಕೆಯಲ್ಲಿರುವಾಗ ಇನ್ನೊಂದು ತೊಳೆದು ಒಣಗುತ್ತಿರುತ್ತದೆ. ಮುಂದಿನ ತಿಂಗಳು ಸೀಗೆಪುಡಿ, ಆಮೇಲೆ ಉಬಟನ್. ಮಕ್ಕಳ ಕೈಯಲ್ಲೇ ಚೀಟಿ ಬರೆಸಿ ಅಂಟಿಸಿ. ವರ್ಷ ಕಳೆದ ಮೇಲೆ ಕಸದ ಬುಟ್ಟಿ ಎಷ್ಟು ಹಗುರವಾಗಿದೆ ಎಂದು ಅವರೇ ನಿಮಗೆ ಹೇಳುತ್ತಾರೆ.