ಹರದೇಶಿ-ನಾಗೇಶಿ ಮೇಳಗಳ ಗಾಯನವಾದ

ಬ್ರಹ್ಮಗಿರಿಯ ಸುತ್ತಣ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗಳಲ್ಲಿ ಕಾಡುಗೊಲ್ಲರ ಗಣೆಯ ಪದಗಳು ಪ್ರಸಿದ್ಧವಾಗಿವೆ. ಗಣೆಯೆಂಬುದು ಉದ್ದವಾದ ಬಿದಿರಿನ ಕೊಳಲು. ಗಾಯಕನು ಅದನ್ನು ಊದಿ, ನಡುನಡುವೆ ನಿಲ್ಲಿಸಿ, ಜುಂಜಪ್ಪನ ಕಥೆಯನ್ನು ಹಾಡುವನು. ಊದುವವನೂ ಹಾಡುವವನೂ ಒಬ್ಬನೇ ಆದುದರಿಂದ ಆ ಕಲೆಗೆ ಪ್ರತಿಪಕ್ಷದ ಅಪೇಕ್ಷೆಯಿಲ್ಲ. ಉತ್ತರದ ವಿಜಯಪುರ, ಬಾಗಲಕೋಟೆ, ಬೆಳಗಾವಿ ಪ್ರಾಂತಗಳ ಗೀಗೀ ಮೇಳದ ರೀತಿಯು ಇದಕ್ಕೆ ವಿಪರೀತವಾದುದು; ಅಲ್ಲಿ ಎದುರಾಳಿಯಿಲ್ಲದೆ ಸವಾಲಿನ ಹಾಡಿಕೆಯು ಪೂರ್ಣವಾಗದು.

ಈ ಮೇಳದಲ್ಲಿ ಮುಖ್ಯಗಾಯಕನು ದಪ್ಪನ್ನು ಬಾರಿಸುತ್ತ ಹಾಡುವನು. ತುಂತುಣಿ, ತಾಳಗಳನ್ನು ಹಿಡಿದ ಹಿಮ್ಮೇಳದವರು 'ಗೀ ಗೀ' ಎಂದು ಸೊಲ್ಲೆತ್ತುವರು. ಮೇಳಗಳಲ್ಲಿ ಎರಡು ಪಕ್ಷಗಳುಂಟು. ತುರಾಯಿ ಪಕ್ಷದ ಹರದೇಶಿಯವರು ಶಿವನನ್ನೂ ಪುರುಷನನ್ನೂ ಮೇಲೆನ್ನುವರು; ಕಲ್ಗಿ ಪಕ್ಷದ ನಾಗೇಶಿಯವರು ಶಕ್ತಿಯನ್ನೂ ಸ್ತ್ರೀಯನ್ನೂ ಮೇಲೆನ್ನುವರು. ಪುರಾಣದಿಂದಲೋ ಲೋಕವ್ಯವಹಾರದಿಂದಲೋ ಒಬ್ಬರು ಸವಾಲೆತ್ತಿದರೆ ಇನ್ನೊಬ್ಬರು ಜವಾಬು ಹಾಡಬೇಕು. ಜವಾಬು ಹೊಳೆಯುವವರೆಗೆ ತಾಳವು ಕಾಯುವುದಿಲ್ಲ. ಆದುದರಿಂದ ಕಂಠಮಾಧುರ್ಯವೊಂದೇ ಸಾಲದು. ಪುರಾಣಗಳ ಧಾರಣೆಯೂ ಸಮಯಸ್ಫೂರ್ತಿಯೂ ಬೇಕು.

ಗೌತಮನ ನ್ಯಾಯಸೂತ್ರದಲ್ಲಿ ವಾದ, ಜಲ್ಪ, ವಿತಂಡಾ ಎಂದು ಕಥೆಯು ಮೂರು ವಿಧ. ತತ್ತ್ವನಿರ್ಣಯಕ್ಕಾಗಿ ನಡೆವುದು ವಾದ. ಛಲಾದಿಗಳಿಂದಲಾದರೂ ಜಯವನ್ನು ಬಯಸುವುದು ಜಲ್ಪ. ಸ್ವಪಕ್ಷಸ್ಥಾಪನೆಯಿಲ್ಲದ ಖಂಡನೆಯು ವಿತಂಡಾ. ಗೀಗೀ ಮೇಳಗಳ ಸ್ಪರ್ಧೆಯು ಮೇಲ್ನೋಟಕ್ಕೆ ಜಲ್ಪವೇ ಸರಿ. ಆದರೆ ಶಿವಶಕ್ತಿಗಳು ಪರಸ್ಪರ ಅವಿನಾಭಾವವುಳ್ಳವರಾದುದರಿಂದ ಯಾವ ಪಕ್ಷಕ್ಕೂ ಆತ್ಯಂತಿಕ ಜಯವಿಲ್ಲ. ಗೆಲ್ಲಲೆಳಸಿ ಹಾಡಿದರೂ ಕೇಳುವವರಿಗೆ ದೊರೆಯುವುದು ಉಭಯಪಕ್ಷಗಳ ತತ್ತ್ವ. ಹೀಗೆ ಫಲದಲ್ಲಿ ಇದು ವಾದವಾಗುವುದು.

ಮೇಳಗಳ ಪೈಪೋಟಿಯು ಅನ್ಯದೇಶಗಳಲ್ಲಿಯೂ ಉಂಟು. ಟ್ರಿನಿಡಾಡ್ ದ್ವೀಪದಲ್ಲಿ ಎಣ್ಣೆಯ ಪೀಪಾಯಿಗಳಿಂದ ಮಾಡಿದ ಉಕ್ಕಿನ ವಾದ್ಯಗಳ ಮೇಳಗಳಿವೆ. ಅವುಗಳ ಸ್ಪರ್ಧೆಯು ಒಂದು ಕಾಲದಲ್ಲಿ ಬೀದಿಯ ಹೊಡೆದಾಟಕ್ಕೂ ಎಡೆಗೊಟ್ಟಿತ್ತು. 1963ರಲ್ಲಿ ಆರಂಭವಾದ 'ಪನೋರಮ' ಸ್ಪರ್ಧೆಯಲ್ಲಿ ತೀರ್ಪುಗಾರರು ಅಂಕಗಳನ್ನಿತ್ತು ಜಯಾಪಜಯಗಳನ್ನು ನಿರ್ಣಯಿಸುವರು. ಒಂದು ಮೇಳವು ನುಡಿಸಿದುದಕ್ಕೆ ಇನ್ನೊಂದು ಉತ್ತರ ಕೊಡಬೇಕೆಂಬ ನಿಯಮ ಅಲ್ಲಿಲ್ಲ. ಹರದೇಶಿ-ನಾಗೇಶಿಯಲ್ಲಾದರೋ ಉತ್ತರವೇ ಕಲೆಯ ಜೀವ.

ಇದರಿಂದ ಪದಸಂಗ್ರಾಹಕರಿಗೂ ಅಧ್ಯಾಪಕರಿಗೂ ಒಂದು ಕರ್ತವ್ಯವು ಪ್ರಾಪ್ತವಾಗುತ್ತದೆ. ಒಂದು ಮೇಳದ ಪದಗಳನ್ನಷ್ಟೇ ಬಿಡಿಯಾಗಿ ಅಚ್ಚುಹಾಕಿದರೆ ಸಿದ್ಧಾಂತವಿಲ್ಲದ ಪೂರ್ವಪಕ್ಷವನ್ನು ಓದಿದಂತಾಗುವುದು. ಹೆಣ್ಣನ್ನು ಹಳಿಯುವ ಸವಾಲು ಮಾತ್ರ ಉಳಿದು ನಾಗೇಶಿಯ ಜವಾಬು ಲುಪ್ತವಾದರೆ, ಮುಂದಿನವರು ಆ ಹಳಿವನ್ನೇ ಜನಪದದ ಮತವೆಂದು ತಿಳಿದಾರು. ಸವಾಲು-ಜವಾಬುಗಳನ್ನು ಹಾಡಿದ ಕ್ರಮದಲ್ಲಿಯೇ, ಯಾವ ಪಕ್ಷದವರು ಹಾಡಿದರೆಂಬುದರೊಡನೆ, ಜೊತೆಯಾಗಿ ಬರೆದಿಡುವುದೇ ಯುಕ್ತವಾದುದು.