ಬಿಸಿಯಾದರೆ ನಿಲ್ಲುವ ಮಾರಿಸ್

ನಮ್ಮೂರಿನ ಅಂಬಾಸಿಡರ್ ಕಾರಿನ ಮೂಲ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಇಂಗ್ಲೆಂಡಿನಲ್ಲಿರುವ ನಾವು ಮೂರು ಕನ್ನಡ ಕುಟುಂಬಗಳು ಅಂಥದ್ದೊಂದನ್ನು ಜತನದಿಂದ ಇಟ್ಟುಕೊಂಡಿದ್ದೇವೆ. ಈ ಬೇಸಿಗೆಯಲ್ಲಿ ಅದು ಅರ್ಧ ಗಂಟೆ ಓಡಿದರೆ ಆಫ್. ತಣ್ಣಗಾದರೆ ಮತ್ತೆ ಸ್ಟಾರ್ಟ್! ಊರಿನಿಂದ ಬಂದ ಹಿರಿಯರನ್ನು ಕೂರಿಸಿಕೊಂಡು ಹೋಗಲು ಧೈರ್ಯವಿರಲಿಲ್ಲ.

ಇಂಥ ಕಾಯಿಲೆಗೆ ಕಾರಣ ಎರಡರಲ್ಲೊಂದು: ಪೆಟ್ರೋಲ್ ಇಲ್ಲವೇ ಕಿಡಿ. ನಿಂತ ಕೂಡಲೇ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲಿಸಿದೆವು. ಗಾಳಿಕಿಂಡಿ ಕಟ್ಟಿದ್ದರೆ ಗಾಳಿ ಒಳಗೆ ಎಳೆದುಕೊಳ್ಳುವ ಸದ್ದು ಬರುತ್ತದೆ, ಬರಲಿಲ್ಲ. ಟೆಸ್ಟರ್ ಹಾಕಿದರೆ ಪ್ಲಗ್ಗಿಗೆ ಕಿಡಿಯೇ ಇಲ್ಲ. ಎಲ್ಲ ಒಟ್ಟಿಗೆ ಬದಲಿಸಿದರೆ ದೋಷ ಯಾವುದೆಂದು ತಿಳಿಯದು. ಹಾಗಾಗಿ ಮೊದಲು ಕಾಯಿಲ್ ಬದಲಿಸಿದೆವು, ಪ್ರಯೋಜನವಾಗಲಿಲ್ಲ. ಕೊನೆಗೆ ಡಿಸ್ಟ್ರಿಬ್ಯೂಟರ್‌ನೊಳಗಿನ ಪುಟ್ಟ ಕಂಡೆನ್ಸರ್ ಹೊಸದು ಹಾಕಿದ ಮೇಲೆ ಕಾರು ನಿಂತಿಲ್ಲ.

ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರ್‌ನಿಂದ ಸಾಮಾನ್ಯ ಪೆಟ್ರೋಲ್ ಎಂದರೆ ಇ10. ಅದರಲ್ಲಿರುವ ಎಥೆನಾಲ್ ಹಳೆಯ ರಬ್ಬರ್ ಪೈಪುಗಳನ್ನು ಹಾಳುಮಾಡುತ್ತದೆ. ಹಾಗಾಗಿ ಪೈಪುಗಳನ್ನೂ ಬದಲಿಸಿ, ಇ5 ಪೆಟ್ರೋಲನ್ನೇ ಹಾಕಿಸುತ್ತಿದ್ದೇವೆ.

ಇಲ್ಲಿ ಹಳೆಯ ಕಾರು ಓಡಿಸುವ ಮಕ್ಕಳಿಗೆ ಊರಿನಲ್ಲಿರುವ ನೀವು ಒಂದು ಮಾತು ಹೇಳಿಬಿಡಿ: ಮೋಟಾರ್‌ವೇಯಲ್ಲಿ ಕಾರು ನಿಂತರೆ ಅಲ್ಲೇ ಬಾನೆಟ್ ತೆರೆಯಬೇಡಿ. ಎಡಬದಿಯ ಬಾಗಿಲಿನಿಂದ ಇಳಿದು, ತಡೆಬೇಲಿಯ ಆಚೆ ನಿಂತು, ನೆರವಿಗೆ ಫೋನ್ ಮಾಡಿ. ರಿಪೇರಿ ಆಮೇಲೆ.