ಹಳೆಯ ಫೈಬರ್ ದೋಣಿ: ಕೊಳೆಯುವುದು ಒಳಗಿನ ಮರ

ಹಿನ್ನೀರಿನ ಆಚೆ ದಡದಲ್ಲಿ ತೋಟವಿರುವ ಸದಸ್ಯರು ನಮ್ಮ ಸಂಘದಲ್ಲಿ ಕೆಲವರಿದ್ದಾರೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ನಮ್ಮ ಹಿರಿಯರು ನಡೆದಾಡಿದ ದಾರಿಗಳು ನೀರಿನಡಿಗೆ ಹೋದವು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದು ತುಮರಿ ಕಡೆಯವರ ಕಷ್ಟ ಬಹುಮಟ್ಟಿಗೆ ನೀಗಿತು. ಆದರೆ ಸಣ್ಣ ಕೊಲ್ಲಿಯೊಂದರ ಆಚೆ ಒಂದೂವರೆ ಎಕರೆ ಅಡಿಕೆ, ಅದರ ನಡುವೆ ಅಷ್ಟಿಷ್ಟು ಕಾಫಿ ಇಟ್ಟುಕೊಂಡ ನನ್ನಂಥವನಿಗೆ ದೋಣಿಯೇ ದಾರಿ.

ಎರಡು ವರ್ಷದ ಹಿಂದೆ ಕೊಯ್ಲಿನ ಕಾಲದಲ್ಲಿ, ಸಂಜೆ, ಆರು ಮೂಟೆ ಹಸಿ ಅಡಿಕೆ ಮತ್ತು ಇಬ್ಬರು ಆಳುಗಳೊಡನೆ ಬರುತ್ತಿದ್ದೆ. ಕೊಲ್ಲಿಯ ನಡುವೆ ಎಂಜಿನ್ ಕುಣಿಯತೊಡಗಿತು. ತಿರುಗಿ ನೋಡಿದರೆ ಎಂಜಿನ್ನಲ್ಲ, ಅದನ್ನು ಹಿಡಿದಿದ್ದ ದೋಣಿಯ ಹಿಂಬದಿ ಹಲಗೆಯೇ ಬಾಗುತ್ತಿತ್ತು. ಮೂಲೆಯ ಬಿರುಕಿನಿಂದ ನೀರು ನುಗ್ಗಿತು. ನಾಲ್ಕು ಮೂಟೆ ನೀರಿಗೆ ಹಾಕಿ, ಹುಟ್ಟು ಹಾಕಿಕೊಂಡು ದಡ ಸೇರಿದೆವು. ಆಳುಗಳಲ್ಲಿ ಒಬ್ಬನಿಗೆ ಈಜು ಬರುತ್ತಿರಲಿಲ್ಲ. ಅದು ನನಗೆ ತಿಳಿದದ್ದು ದಡಕ್ಕೆ ಬಂದ ಮೇಲೆ.

ಆ ದೋಣಿಗೆ ಹಿಂದಿನ ಬೇಸಿಗೆಯಲ್ಲಷ್ಟೇ ಬಣ್ಣ ಹೊಡೆಸಿದ್ದೆ.

ಹೊಸದು ಕೊಳ್ಳುವ ಶಕ್ತಿ ಇರಲಿಲ್ಲ. ಹುಕ್ಕೇರಿ ತಾಲ್ಲೂಕಿನ ದಡ್ಡಿಯಲ್ಲಿರುವ ನಮ್ಮ ಭಾವನವರು ಅಲ್ಲಿ ಒಂದು ಹಳೆಯ ಫೈಬರ್ ದೋಣಿ ಇದೆಯೆಂದು ಹೇಳಿಕಳುಹಿಸಿದರು. ದಡ್ಡಿ ಘಟಪ್ರಭೆಯ ದಂಡೆಯ ಊರು. ಕೆಳಗೆ ಹಿಡಕಲ್ಲಿನಲ್ಲಿ ರಾಜಾ ಲಖಮಗೌಡ ಅಣೆಕಟ್ಟು ಇದೆ. 51 ಟಿ.ಎಂ.ಸಿ. ನೀರು ಹಿಡಿಯುವ ಆ ಜಲಾಶಯದಲ್ಲಿ ಮೀನು ಹಿಡಿಯಲು ಓಡಾಡುತ್ತಿದ್ದ ಹದಿನಾಲ್ಕು ಅಡಿಯ ದೋಣಿ ಅದು. ಕೆಲವು ವರ್ಷಗಳಿಂದ ಬೇವಿನ ಮರದಡಿ ಬಾಯಿ ಮೇಲಾಗಿ ಬಿದ್ದಿತ್ತು. ಮಾರುವವರು, "ಗಟ್ಟಿ ಐತ್ರಿ ಸಾವ್ಕಾರ್ರ, ಮ್ಯಾಲ ಬಣ್ಣ ಹೊಡದ್ರ ಹೊಸಾದಾಗತೈತಿ" ಎಂದರು. ಬಣ್ಣದ ಪಾಠ ನನಗೆ ಆಗಲೇ ಆಗಿತ್ತು. ಗೋಕಾಕದ ಗೊಂಬೆಯವರು ಮರದಲ್ಲಿ ಮಾಡಿದ ಮಾವಿನಹಣ್ಣನ್ನು ನೋಡಿದರೆ ಕಚ್ಚಬೇಕೆನಿಸುತ್ತದೆ. ಬಣ್ಣದ ಕೆಲಸ ಅದು. ದೋಣಿಯನ್ನು ಹಾಗೆ ಕೊಳ್ಳಲಾಗದು.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಬೇಕು. ಫೈಬರ್ ದೋಣಿ ಎಂದರೆ ಗಾಜಿನ ಎಳೆಯ ಹಾಸನ್ನು ರೆಸಿನ್ನಿನಲ್ಲಿ ನೆನೆಸಿ ಗಟ್ಟಿ ಮಾಡಿದ ಚಿಪ್ಪು. ಅದು ಕೊಳೆಯುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ. ಆದರೆ ಬರೀ ಚಿಪ್ಪು ಬಾಗುತ್ತದೆ. ಆದುದರಿಂದ ಹಳೆಯ ದೋಣಿಗಳಲ್ಲಿ ಬಿಗಿ ಬೇಕಾದ ಕಡೆ ಒಳಗೆ ಪ್ಲೈವುಡ್ಡು ಅಥವಾ ಮರ ಇಟ್ಟು ಮೇಲೆ ಫೈಬರ್ ಹೊದಿಸಿರುತ್ತಾರೆ. ಎಂಜಿನ್ ತೂಗುಬಿಡುವ ಹಿಂಬದಿ ಹಲಗೆ, ಕಾಲಿಡುವ ನೆಲಹಲಗೆ, ಅದರಡಿ ಉದ್ದಕ್ಕೆ ಹೋಗುವ ತೊಲೆಗಳು ಇಂಥವು. ಯಾರೋ ಒಂದು ಸ್ಕ್ರೂ ಹಾಕುತ್ತಾರೆ. ಆ ತೂತಿನಿಂದ ನೀರು ಮರಕ್ಕೆ ಇಳಿಯುತ್ತದೆ. ಎರಡೂ ಕಡೆ ಫೈಬರ್ ಇರುವುದರಿಂದ ಇಳಿದ ನೀರು ಆರುವುದಿಲ್ಲ. ಹೊರಗೆ ಥಳುಕು, ಒಳಗೆ ಹುಳುಕು. ಕಾಫಿ ಬೆಳೆಯುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ; ಬಿಳಿ ಕಾಂಡಕೊರಕ ಹಿಡಿದ ಅರೇಬಿಕಾ ಗಿಡ ಮೊದಮೊದಲು ಹಸಿರಾಗಿಯೇ ನಿಂತಿರುತ್ತದಲ್ಲವೆ?

ಪರೀಕ್ಷೆ ಸುಲಭ. ಸಣ್ಣ ಸುತ್ತಿಗೆಯ ಹಿಡಿಯಿಂದ ಹಿಂಬದಿ ಹಲಗೆಯನ್ನು ಗೇಣು ಗೇಣಿಗೆ ಬಡಿಯುತ್ತ ಹೋಗಬೇಕು. ಒಳ್ಳೆಯ ಕಡೆ ಟಣ್ ಎನ್ನುತ್ತದೆ, ಕೊಳೆತ ಕಡೆ ಡಬ್ ಎನ್ನುತ್ತದೆ. ಅನುಮಾನವಿದ್ದಲ್ಲಿ ಒಳಗಡೆಯಿಂದ 4 ಮಿ.ಮೀ. ಬೈರಿಗೆಯಲ್ಲಿ ತೂತು ಕೊರೆದು ಹೊಟ್ಟನ್ನು ನೋಡಬೇಕು. ಹೊಟ್ಟು ಬಿಳುಪಾಗಿ, ಒಣಗಿ, ಗರಿಗರಿಯಾಗಿದ್ದರೆ ಮರ ಉಳಿದಿದೆ. ಕಪ್ಪಾಗಿ, ಒದ್ದೆಯಾಗಿ, ಹುಳಿ ವಾಸನೆ ಬಂದರೆ ಹೋಗಿದೆ. ದಡ್ಡಿಯ ದೋಣಿಯಲ್ಲಿ ಮೊದಲ ಎರಡು ತೂತಿನಿಂದ ಒಳ್ಳೆಯ ಹೊಟ್ಟು ಬಂತು. ಮೂರನೆಯದು ನೀರು ಬಿಡುವ ಬಿರಡೆಯ ಪಕ್ಕದ್ದು. ಅದರಿಂದ ಹೊಟ್ಟಿನ ಬದಲು ಕಾಫಿ ಬಣ್ಣದ ನೀರು ತೊಟ್ಟಿಕ್ಕಿತು. ಚಿಪ್ಪಿನಲ್ಲಿ ಮಾತ್ರ ಆಳವಾದ ಬಿರುಕಿರಲಿಲ್ಲ. ಚಿಪ್ಪೇ ಒಡೆದಿದ್ದರೆ ಕೊಳ್ಳುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಮರದ ಲೆಕ್ಕದಲ್ಲಿ ಚೌಕಾಸಿ ಮಾಡಿ ಕೊಂಡೆವು. ಅಲ್ಲೇ ಭಾವನವರ ಗಾಣದ ಚಪ್ಪರದಲ್ಲಿ, ಬೆಲ್ಲದ ಕೆಲಸ ಮುಗಿದ ಮಾರ್ಚಿಯಲ್ಲಿ ರಿಪೇರಿಗೆ ಕುಳಿತೆವು. ನೆರಳು, ಒಣ ಗಾಳಿ, ಎರಡೂ ಇತ್ತು. ನಮ್ಮ ಮಳೆಗಾಲದ ತೇವದಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬಾರದು. ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ.

ನೆಲಹಲಗೆ ಕೀಳುವ ಮೊದಲು ದೋಣಿಯ ಹೊಟ್ಟೆಗೆ ಕೆಳಗಿನಿಂದ ಸಮನಾಗಿ ಆಸರೆ ಕೊಡಬೇಕು. ನೆಲಹಲಗೆ ಮತ್ತು ತೊಲೆ ಹೋದ ಮೇಲೆ ಚಿಪ್ಪು ಸೊಟ್ಟಗಾಗುತ್ತದೆ, ಸೊಟ್ಟಗಿರುವಾಗಲೇ ಹೊಸ ಮರ ಕೂರಿಸಿದರೆ ಜನ್ಮಕ್ಕೂ ಸೊಟ್ಟ. ನಾವು ಮರಳು ಚೀಲಗಳನ್ನು ಒತ್ತೊತ್ತಾಗಿ ಇಟ್ಟು, ಉದ್ದಕ್ಕೂ ಅಡ್ಡಕ್ಕೂ ದಾರ ಕಟ್ಟಿ ನೋಡಿಕೊಂಡೆವು. ಆಮೇಲೆ ಅಂಚಿನಿಂದ ಮೂರು ಬೆರಳು ಬಿಟ್ಟು ನೆಲಹಲಗೆಯನ್ನು ಗರಗಸದಿಂದ ಕುಯ್ದು ತೆಗೆದೆವು.

ಅದರಡಿ ಕಂಡದ್ದನ್ನು ಹೇಳಬೇಕು. ಮುಳುಗದಿರಲೆಂದು ತುಂಬಿದ ಹಳದಿ ಫೋಮು ಇತ್ತು. ಒಂದು ತುಂಡು ಕಿತ್ತು ಹಿಂಡಿದರೆ ಸ್ಪಂಜಿನಂತೆ ನೀರು ಸುರಿಯಿತು. ಒಂದು ಘನ ಅಡಿ ನೀರಿನ ತೂಕ 28 ಕಿಲೋ. ಹತ್ತು ಘನ ಅಡಿ ಫೋಮು ಪೂರ್ತಿ ನೀರು ಕುಡಿದರೆ 280 ಕಿಲೋ, ಅಂದರೆ ಸುಮಾರು ನಾಲ್ಕು ಮೂಟೆ ಅಡಿಕೆ. ದೋಣಿಯನ್ನು ತೇಲಿಸಲು ಇಟ್ಟ ವಸ್ತುವೇ ನಾವು ಹೇರುವ ಮೊದಲು ನಾಲ್ಕು ಮೂಟೆ ಹೇರಿಕೊಂಡು ಕೂತಿರುತ್ತದೆ! ಹಳೆಯ ದೋಣಿ ಮೊದಲಿಗಿಂತ ತಗ್ಗಿ ತೇಲುತ್ತಿದ್ದರೆ ಇದೇ ಕಾರಣ ಇರಬಹುದೆಂದು ತಿಳಿಯಬೇಕು. ಫೋಮನ್ನೆಲ್ಲ ತೆಗೆದೆವು. ತೊಲೆಗಳಲ್ಲಿ ಒಂದು ಪೂರ್ತಿ, ಇನ್ನೊಂದು ಅರ್ಧ ಹೋಗಿತ್ತು. ಅರ್ಧ ಹೋದದ್ದನ್ನು ಉಳಿಸೋಣ ಎಂದೆ. ಭಾವನವರು ಕರೆಸಿದ್ದ ಬಡಿಗ, "ಅರ್ಧಾ ಕೊಳತದ್ದು ಪೂರಾ ಕೊಳತಂಗರಿ" ಎಂದು ನನ್ನ ಒಪ್ಪಿಗೆಗೂ ಕಾಯದೆ ಉಳಿ ಹಾಕಿದ. ಅವನು ಮಾಡಿದ್ದು ಸರಿ.

ಹಿಂಬದಿ ಹಲಗೆಯೇ ಮುಖ್ಯ. ಎಂಜಿನ್ ನಲವತ್ತು ಕಿಲೋ ತೂಗುವುದು ದೊಡ್ಡದಲ್ಲ. ಓಡುವಾಗ ಅದು ಹಾರೆಯಂತೆ ಕೆಲಸ ಮಾಡುತ್ತದೆ: ಕೆಳಗೆ ಹಲಗೆಯನ್ನು ಒತ್ತುತ್ತದೆ, ಮೇಲೆ ಹಿಂದಕ್ಕೆ ಎಳೆಯುತ್ತದೆ. ಹಾರೆ ಹಾಕಿ ಮೀಟಿದರೆ ಕೊಳೆತ ಮರ ತಡೆಯದು. ಹೊರಗಿನ ಫೈಬರ್ ಪದರವನ್ನು ಹಾಗೆಯೇ ಬಿಟ್ಟು, ಒಳಪದರವನ್ನು ಸುತ್ತ ಎರಡು ಅಂಗುಲ ಅಂಚು ಬಿಟ್ಟು ಕುಯ್ದು, ಕೊಳೆತ ಮರವನ್ನೆಲ್ಲ ಕೆರೆದು ತೆಗೆಯಬೇಕು. ಆಮೇಲೆ ಉಜ್ಜಿ, ಒಂದು ವಾರ ಒಣಗಲು ಬಿಡಬೇಕು. ಈ ವಾರವನ್ನು ಉಳಿಸಲು ಹೋಗುವವರೇ ಹೆಚ್ಚು. ಒದ್ದೆಯ ಮೇಲೆ ರೆಸಿನ್ ಹಿಡಿಯುವುದಿಲ್ಲ.

ಹೊಸ ಮರಕ್ಕೆ ಐ.ಎಸ್. 710 ಎಂದು ಮುದ್ರೆಯಿರುವ ಮೆರೈನ್ ಪ್ಲೈವುಡ್ಡನ್ನೇ ಕೇಳಿ ತರಬೇಕು. ಅಂಗಡಿಯಲ್ಲಿ "ವಾಟರ್ ಪ್ರೂಫ್" ಎಂದು ಕೊಡುವ ಐ.ಎಸ್. 303ರ ಹಲಗೆ ಮನೆಯ ಕಪಾಟಿಗೆ ಸಾಕು, ದೋಣಿಗಲ್ಲ. ರಟ್ಟಿನಲ್ಲಿ ಅಚ್ಚು ಕತ್ತರಿಸಿ, 18 ಮಿ.ಮೀ.ನ ಎರಡು ಹಲಗೆಯನ್ನು ಅಂಟಿಸಿ ಒಂದು ಮಾಡಿದೆವು. ಎಂಜಿನ್ನಿನ ಹಿಡಿಕೆ ಎಷ್ಟು ದಪ್ಪ ಕಚ್ಚುತ್ತದೆಂದು ಮೊದಲೇ ಅಳೆದುಕೊಳ್ಳಿ. ಹಲಗೆಯ ಮುಖ, ವಿಶೇಷವಾಗಿ ಅಂಚು, ತೆಳು ರೆಸಿನ್ ಕುಡಿದು ಸಾಕೆನ್ನುವವರೆಗೆ ಬಳಿಯಬೇಕು. ಆಮೇಲೆ ರೆಸಿನ್ನಿಗೆ ಸಿಲಿಕಾ ಪುಡಿ ಕಲಸಿ, ಬಜ್ಜಿ ಹಿಟ್ಟಿಗಿಂತ ಗಟ್ಟಿಯಾಗಿ, ಎಲ್ಲೂ ಗಾಳಿ ಉಳಿಯದಂತೆ ಹಚ್ಚಿ ಹಲಗೆಯನ್ನು ಒತ್ತಿ ಕೂರಿಸಬೇಕು. ಹೊರಗಿನಿಂದ ಒಂದು ನೇರ ಹಲಗೆ ಇಟ್ಟು ಬೋಲ್ಟು ಬಿಗಿದರೆ ಸುತ್ತಲೂ ಹಿಟ್ಟು ಉಕ್ಕಿ ಬರಬೇಕು. ಬಾರದ ಕಡೆ ಟೊಳ್ಳಿದೆ ಎಂದರ್ಥ. ಮೂಲೆಗಳನ್ನು ಅದೇ ಹಿಟ್ಟಿನಿಂದ ಹೆಬ್ಬೆರಳಿನಲ್ಲಿ ಸವರಿ ದುಂಡು ಮಾಡಿ, ಮೇಲೆ ಗಾಜಿನ ಬಟ್ಟೆಯನ್ನು ಮೂರು ಪದರ, ಒಂದಕ್ಕಿಂತ ಒಂದು ಒಂದು ಅಂಗುಲ ಹೆಚ್ಚು ಚಾಚುವಂತೆ, ಚಿಪ್ಪಿಗೆ ಸೇರಿಸಿ ಹಾಕಬೇಕು.

ರೆಸಿನ್ನಿನಲ್ಲಿ ಎರಡು ಬಗೆ. ಪಾಲಿಯೆಸ್ಟರ್ ಅಗ್ಗ, ಎಪಾಕ್ಸಿ ದುಬಾರಿ, ಆದರೆ ಮರಕ್ಕೂ ಹಳೆಯ ಫೈಬರಿಗೂ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಹಿಂಬದಿ ಹಲಗೆಗೆ ಎಪಾಕ್ಸಿ, ನೆಲಕ್ಕೆ ಪಾಲಿಯೆಸ್ಟರ್ ಹಾಕಿದೆವು. ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ ಎರಡೂ ಒಂದರ ಮೇಲೊಂದು ಬರದಂತೆ ನೋಡಿಕೊಂಡೆವು. ಎಪಾಕ್ಸಿಯೊಡನೆ ನೇಯ್ದ ಗಾಜಿನ ಬಟ್ಟೆಯನ್ನೇ ಬಳಸಬೇಕು. ಸಾಮಾನ್ಯ ಚೂರೆಳೆಯ ಮ್ಯಾಟಿನ ಅಂಟು ಪಾಲಿಯೆಸ್ಟರಿನಲ್ಲಿ ಕರಗುತ್ತದೆ, ಎಪಾಕ್ಸಿಯಲ್ಲಿ ಕರಗದು. ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು ಪಾಲಿಯೆಸ್ಟರ್ ಬೇಕಾಗುತ್ತದೆಂದು ಲೆಕ್ಕ ಹಾಕಿ ತರಬಹುದು.

ಪಾಲಿಯೆಸ್ಟರಿಗೆ ಬೆರೆಸುವ ದ್ರವ ಎರಡು: ಕೋಬಾಲ್ಟ್ ಮತ್ತು ಕ್ಯಾಟಲಿಸ್ಟ್. ಇವೆರಡನ್ನೂ ನೇರವಾಗಿ ಒಂದಕ್ಕೊಂದು ಯಾವ ಕಾರಣಕ್ಕೂ ಸೇರಿಸಬಾರದು, ಸಿಡಿಯುತ್ತದೆ. ಕೋಬಾಲ್ಟ್ ಮೊದಲೇ ಬೆರೆಸಿದ ರೆಸಿನ್ನನ್ನೇ ಕೇಳಿ ತರುವುದು ಉಚಿತ. ಆಗ ಉಳಿಯುವುದು ಕ್ಯಾಟಲಿಸ್ಟ್ ಮಾತ್ರ. ದಡ್ಡಿಯ ಬಿಸಿಲಿಗೆ ಕಿಲೋ ರೆಸಿನ್ನಿಗೆ ಹತ್ತು ಮಿ.ಲೀ. ಸಾಕಾಯಿತು. ತಂಪು ಹೊತ್ತಿನಲ್ಲಿ ಅದಕ್ಕಿಂತ ಹೆಚ್ಚು ಬೇಕು. ಬೋರ್ಡೋ ದ್ರಾವಣದಂತೆ ಇದನ್ನೂ ಆಗಿನದಾಗ ಬೇಕಾದಷ್ಟೇ ಕಲಸಬೇಕು. ವ್ಯತ್ಯಾಸವೇನೆಂದರೆ ಬೋರ್ಡೋಗೆ ಒಂದು ದಿನದ ಅವಧಿ, ಇದಕ್ಕೆ ಕಾಲು ಗಂಟೆ. ಒಂದು ಬಕೆಟ್ಟಿನಲ್ಲಿ ಹೆಚ್ಚು ಕಲಸಿಟ್ಟರೆ ತಾನೇ ಕಾದು ಹೊಗೆಯಾಡುತ್ತದೆ. ಹಾಗೆಯೇ ಆಗಿ ಒಂದು ಬಕೆಟ್ ಕಳೆದುಕೊಂಡೆ. ಕೆಲಸದ ಹತ್ತಿರ ಬೀಡಿ, ಒಲೆ ಬೇಡ. ಉಜ್ಜುವಾಗ ಮುಖಕ್ಕೆ ಒಳ್ಳೆಯ ಮಾಸ್ಕು, ಕಣ್ಣಿಗೆ ಕನ್ನಡಕ, ತುಂಬು ತೋಳಿನ ಅಂಗಿ ಇರಲಿ. ಗಾಜಿನ ಧೂಳು ಮೈಗೆ ತಾಗಿದರೆ ನಸುಗುನ್ನಿ ತಾಗಿದಂತೆ. ತಣ್ಣೀರಿನಲ್ಲಿ ತೊಳೆಯಬೇಕು, ತಿಕ್ಕಬಾರದು.

ನೆಲದ ಕೆಲಸ ಇದೇ ರೀತಿ, 12 ಮಿ.ಮೀ. ಹಲಗೆಯಲ್ಲಿ. ಹೊಸ ತೊಲೆಗಳ ಬುಡದಲ್ಲಿ ನೀರು ಹರಿದುಹೋಗಲು ಗಂಡಿ ಬಿಟ್ಟು, ಗಂಡಿಯ ಒಳಮೈಗೂ ರೆಸಿನ್ ಹಚ್ಚಿದೆವು. ಫೋಮಿನ ಬದಲು ಬಿಗಿಯಾಗಿ ಮುಚ್ಚಿದ ಖಾಲಿ ಪ್ಲಾಸ್ಟಿಕ್ ಕ್ಯಾನುಗಳನ್ನು ಅಲುಗದಂತೆ ಕಟ್ಟಿ ಇಟ್ಟೆವು. 20 ಲೀಟರಿನ ಒಂದು ಕ್ಯಾನು ಹತ್ತಿರ ಹತ್ತಿರ 20 ಕಿಲೋ ಎತ್ತುತ್ತದೆ, ನೀರು ಕುಡಿಯುವುದಿಲ್ಲ, ಬೇಕೆಂದಾಗ ತೆಗೆದು ನೋಡಬಹುದು.

ಇಷ್ಟೆಲ್ಲ ಮಾಡಿ ಕೊನೆಗೆ ಎಂಜಿನ್ನಿನ ಬೋಲ್ಟಿಗೆ ನೇರವಾಗಿ ಹಲಗೆಯಲ್ಲಿ ತೂತು ಕೊರೆದರೆ ಹಳೆಯ ಕಥೆ ಮತ್ತೆ ಮೊದಲಾಗುತ್ತದೆ. ಬೋಲ್ಟು 12 ಮಿ.ಮೀ. ಇದ್ದರೆ ತೂತನ್ನು 18 ಮಿ.ಮೀ. ಕೊರೆದು, ಗಟ್ಟಿ ಎಪಾಕ್ಸಿಯಿಂದ ಪೂರ್ತಿ ತುಂಬಿ, ಒಣಗಿದ ಮೇಲೆ ಅದರ ನಡುವೆ 12ರ ತೂತು ಕೊರೆಯಬೇಕು. ಆಗ ಬೋಲ್ಟಿನ ಸುತ್ತ ರೆಸಿನ್ ಇರುತ್ತದೆ, ಮರ ಇರುವುದಿಲ್ಲ. ನೀರು ಬಿಡುವ ಬಿರಡೆಗೂ, ಹಗ್ಗ ಕಟ್ಟುವ ಕೊಕ್ಕೆಗೂ, ಒಂದು ಮೊಳೆಗೂ ಇದೇ ನಿಯಮ. ಮಗ ಬುತ್ತಿ ಚೀಲ ತೂಗುಹಾಕಲು ಒಂದು ಸ್ಕ್ರೂ ಹಾಕಲೇ ಎಂದು ಕೇಳಿದ. ಬೈದೆ.

ಲಾರಿಗೆ ಹೇರುವ ಮೊದಲು ಹಿಂಬದಿ ಹಲಗೆಗೆ ಅಡ್ಡ ದಾರ ಬಿಗಿದು, ಎಂಜಿನ್ ಕೂರುವ ಜಾಗಕ್ಕೆ ಒಂದು ಉದ್ದನೆಯ ಮರದ ತುಂಡು ಕಟ್ಟಿ, ಇಬ್ಬರು ಮೀಟಿ ನೋಡಿದೆವು. ದಾರಕ್ಕೂ ಹಲಗೆಗೂ ನಡುವಿನ ಸಂದು ಬದಲಾಗಲಿಲ್ಲ. ಖರ್ಚು, ದೋಣಿಯ ಬೆಲೆ ಮತ್ತು ಲಾರಿ ಬಾಡಿಗೆ ಸೇರಿ, ನನಗೆ ಹೇಳಿದ್ದ ಹೊಸ ದೋಣಿಯ ಬೆಲೆಯ ಅರ್ಧದಷ್ಟಾಯಿತು. ನಮ್ಮ ಕೂಲಿಯನ್ನು ಇದರಲ್ಲಿ ಹಿಡಿದಿಲ್ಲ, ಹಿಡಿದರೆ ಲೆಕ್ಕ ಬೇರೆ.

ಈಗ ನಾಲ್ಕು ಮೂಟೆಗಿಂತ ಹೆಚ್ಚು ಹೇರುವುದಿಲ್ಲ, ಹತ್ತಿದವರೆಲ್ಲ ಜೀವರಕ್ಷಕ ಅಂಗಿ ಹಾಕಲೇಬೇಕು. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯ ದೋಣಿ ಮಗುಚಿ ಹದಿನೈದಕ್ಕೂ ಹೆಚ್ಚು ಜನ ತೀರಿಕೊಂಡದ್ದನ್ನು ನಾವಾರೂ ಮರೆತಿಲ್ಲ. ಯಂತ್ರದ ದೋಣಿಗೆ 2021ರ ಒಳನಾಡು ನೌಕೆಗಳ ಕಾಯ್ದೆಯಂತೆ ನೋಂದಣಿಯೂ ಬೇಕು. ಕೆಲಸವಿಲ್ಲದಾಗ ದೋಣಿಯನ್ನು ಬೋರಲು ಹಾಕಿ, ಬಿರಡೆ ತೆಗೆದಿಡುತ್ತೇವೆ. ಪ್ರತಿ ಮೇ ತಿಂಗಳು, ಮಳೆಗೆ ಮೊದಲು, ಸುತ್ತಿಗೆಯ ಹಿಡಿಯಿಂದ ಒಂದು ಸುತ್ತು ಬಡಿದು ಕೇಳುತ್ತೇವೆ.

ಹಿಂಬದಿ ಹಲಗೆಯ ರಟ್ಟಿನ ಅಚ್ಚು ನನ್ನಲ್ಲಿದೆ. ಪ್ರತಿ ದೋಣಿಯ ಅಳತೆ ಬೇರೆಯಾದರೂ ಅಚ್ಚು ಕತ್ತರಿಸುವ ಕ್ರಮ ತಿಳಿಯಲು ಅದು ಸಾಕು. ಬೇಕಾದ ಸದಸ್ಯರು ಸಂತೆಯ ದಿನ ಸಂಘದ ಕಚೇರಿಯಲ್ಲಿ ನೋಡಬಹುದು.